ರೋಮ್‌ನಲ್ಲಿ ತೇಪೆ ಹುಡುಕುತ್ತಾ

ಸ್ಟಡಿ ಟೂರ್ ಅಂತ ರೋಮ್‌ಗೆ ಹೋಗುವ ವಿದ್ಯಾರ್ಥಿಗಳ ಕೈಗೆ ಮೊದಲು ಸಿಗುವುದು ಒಂದು ಪಟ್ಟಿ. ಬೆಳಿಗ್ಗೆ ಕೊಲೋಸಿಯಂ, ಅದು ಮುಗಿದ ಕೂಡಲೇ ಹಳೇ ಊರಿನ ನಡುವಿನ ಚೌಕ ಫೋರಂ, ಮಧ್ಯಾಹ್ನ ದೊಡ್ಡ ಗುಮ್ಮಟದ ದೇವಾಲಯ ಪ್ಯಾಂಥಿಯನ್, ಸಂಜೆ ಟ್ರೆವಿ ಕಾರಂಜಿ, ನಡುವೆ ಎಲ್ಲಾದರೂ ಅರ್ಧ ಗಂಟೆ ಸಿಕ್ಕರೆ ಊಟ. ಮುಂದೆ ಗೈಡ್ ಮಡಚಿದ ಛತ್ರಿ ಎತ್ತಿ ಹಿಡಿದು ನಡೆಯುತ್ತಿರುತ್ತಾರೆ. ಹಿಂದೆ ನಾವು ಕಿವಿಗೆ ರಿಸೀವರ್ ಸಿಕ್ಕಿಸಿಕೊಂಡು ಓಡುತ್ತಿರುತ್ತೇವೆ. ಯಾವುದೋ ಗೋಡೆಯ ಹತ್ತಿರ ಸ್ವಲ್ಪ ಜಾಸ್ತಿ ಹೊತ್ತು ನಿಂತರೆ ಕಿವಿಯಲ್ಲಿ ಅವರ ದನಿ ಗರಗರ ಅನ್ನತೊಡಗುತ್ತದೆ. ಗುಂಪು ದೂರ ಹೋಯಿತು ಅಂತ ಗೊತ್ತಾಗುವುದೇ ಹಾಗೆ.

ಟೂರ್‌ನ ಅವಸರವನ್ನು ಬೈಯುವುದಕ್ಕೆ ಇದನ್ನು ಬರೆಯುತ್ತಿಲ್ಲ. ಅಷ್ಟು ಜನರನ್ನು ಕರೆದುಕೊಂಡು ಹೋಗುವವರ ಕಷ್ಟ ಅವರಿಗೇ ಗೊತ್ತು. ನನಗೆ ಬೇರೆಯೇ ಒಂದು ಕಿರಿಕಿರಿ ಇತ್ತು. ಎಲ್ಲಿ ಹೋದರೂ ಗೈಡ್ ಹೇಳುತ್ತಿದ್ದದ್ದು ಒಂದೇ: ಇದು ಎರಡು ಸಾವಿರ ವರ್ಷ ಹಳೆಯದು. ಕಣ್ಣೆದುರು ಕಾಣುತ್ತಿದ್ದದ್ದು ಮಾತ್ರ ಹಾಗಿರಲಿಲ್ಲ. ಕಲ್ಲಿನ ನಡುವೆ ಇಟ್ಟಿಗೆ, ದೇವಾಲಯದ ಕಂಬಗಳ ಹಿಂದೆ ಚರ್ಚಿನ ಗೋಡೆ, ರಂಗಮಂದಿರದ ನೆತ್ತಿಯ ಮೇಲೆ ಯಾರದೋ ಮನೆಯ ಕಿಟಕಿ. ಹಳೇ ಕೌದಿಯಲ್ಲಿ ಮೂಲ ಬಟ್ಟೆ ಯಾವುದು, ಆಮೇಲೆ ಹೊಲಿದ ತೇಪೆ ಯಾವುದು ಅಂತ ಹುಡುಕುತ್ತೀವಲ್ಲ, ಹಾಗೆ ನೋಡುವುದಕ್ಕೆ ಶುರು ಮಾಡಿದೆ. ನಾವು ಓದುತ್ತಿರುವುದು ಆರ್ಕಿಟೆಕ್ಚರ್, ಹಾಗಾಗಿ ಅದು ಸ್ವಲ್ಪ ಕಸುಬಿನ ಚಟವೂ ಹೌದು. ಒಮ್ಮೆ ತೇಪೆ ನೋಡುವ ಕಣ್ಣು ಬಂದ ಮೇಲೆ ಪಟ್ಟಿಯ ಅವಸರ ಅಷ್ಟಾಗಿ ಕಾಡಲಿಲ್ಲ. ಒಂದು ಗೋಡೆಗೆ ಐದು ನಿಮಿಷ ಸಿಕ್ಕರೂ ನೋಡುವುದಕ್ಕೆ ಏನಾದರೂ ಇರುತ್ತಿತ್ತು.

ಮೊದಲು ಕೊಲೋಸಿಯಂ. ವೆಸ್ಪೇಸಿಯನ್ ಶುರು ಮಾಡಿದ್ದು, ಅವನ ಮಗ ಟೈಟಸ್ ಕ್ರಿ.ಶ. 80ರಲ್ಲಿ ಉದ್ಘಾಟಿಸಿದ್ದು. ನೀರೋ ಚಕ್ರವರ್ತಿ ತನ್ನ ಅರಮನೆಗೆ ಅಂತ ಮಾಡಿಸಿಕೊಂಡಿದ್ದ ಕೆರೆಯನ್ನು ಒಣಗಿಸಿ, ಆ ಜಾಗದಲ್ಲಿ ಜನರಿಗೆ ಕಾಳಗ ನೋಡುವುದಕ್ಕೆ ಅಂತ ಕಟ್ಟಿದರು. ಇಷ್ಟನ್ನು ಎಲ್ಲ ಗೈಡ್‌ಗಳೂ ಹೇಳುತ್ತಾರೆ. ಫೋಟೊದಲ್ಲಿ ಅದು ಒಂದು ಕಡೆ ನಾಲ್ಕು ಅಂತಸ್ತು ಎತ್ತರ, ಇನ್ನೊಂದು ಕಡೆ ತಗ್ಗು ಇರುತ್ತದಲ್ಲ, ಅದು ಯಾಕೆ ಅಂತ ಮಾತ್ರ ತುಂಬ ಜನ ಕೇಳುವುದಿಲ್ಲ. 1349ರ ಭೂಕಂಪದಲ್ಲಿ ದಕ್ಷಿಣ ದಿಕ್ಕಿನ ಹೊರಗೋಡೆ ಕುಸಿದು ಬಿತ್ತು. ಆ ಕಡೆ ತಳದ ಮಣ್ಣು ಮೆತ್ತಗಿತ್ತು. ಬಿದ್ದ ಕಲ್ಲನ್ನು ಜನ ಬಿಡಲಿಲ್ಲ. ಮುಂದೆ ಎಷ್ಟೋ ತಲೆಮಾರು ರೋಮ್‌ನ ಅರಮನೆಗಳಿಗೂ ಚರ್ಚುಗಳಿಗೂ ಇಲ್ಲಿಂದಲೇ ಟ್ರಾವರ್ಟೈನ್ ಅನ್ನುವ ಸುಣ್ಣಕಲ್ಲು ಹೋಯಿತು. ಅಮೃತಶಿಲೆಯನ್ನಂತೂ ಸುಟ್ಟು ಸುಣ್ಣ ಮಾಡಿದರು.

ಉಳಿದ ಗೋಡೆಯ ಹತ್ತಿರ ಹೋಗಿ ನೋಡಿದರೆ ಮೈತುಂಬ ತೂತು. ನಮ್ಮ ಗುಂಪಿನಲ್ಲಿ ಒಬ್ಬ ಅದು ಮಹಾಯುದ್ಧದ ಗುಂಡಿನ ಗುರುತು ಅಂತ ಬಾಜಿ ಕಟ್ಟುವುದಕ್ಕೂ ರೆಡಿ ಇದ್ದ. ನಿಜ ಏನೆಂದರೆ, ಕಟ್ಟುವಾಗ ಕಲ್ಲಿಗೂ ಕಲ್ಲಿಗೂ ನಡುವೆ ಗಾರೆ ಹಾಕಿರಲಿಲ್ಲ, ಕಬ್ಬಿಣದ ಕೊಂಡಿ ಹಾಕಿ ಬಿಗಿದಿದ್ದರು. ಮಧ್ಯಯುಗದಲ್ಲಿ ಕಬ್ಬಿಣಕ್ಕೆ ಬೆಲೆ ಬಂದಾಗ ಜನ ಸಂದಿಯಲ್ಲಿ ತೂತು ಕೊರೆದು ಕೊಂಡಿಗಳನ್ನು ಕಿತ್ತುಕೊಂಡು ಹೋದರು. ಕೊಂಡಿ ಹೋದರೂ ಗೋಡೆ ನಿಂತಿತು, ಬರೀ ತನ್ನ ಭಾರದ ಮೇಲೆ. ಒಂದು ತೂತಿನೊಳಗೆ ಬೆರಳಿಟ್ಟು ನೋಡುವ ಆಸೆ ಆಗಿತ್ತು. ಕಾವಲುಗಾರರು ನೋಡುತ್ತಿದ್ದರು, ಸುಮ್ನೆ ಬಂದೆ.

ನನಗೆ ಎಲ್ಲಕ್ಕಿಂತ ಇಷ್ಟವಾದ ತೇಪೆ ಇರುವುದು ಆ ಎತ್ತರದ ಗೋಡೆ ಮುಗಿಯುವ ಪೂರ್ವದ ತುದಿಯಲ್ಲಿ. 19ನೇ ಶತಮಾನದ ಆರಂಭದಲ್ಲಿ ಮತ್ತೆ ಭೂಮಿ ನಡುಗಿ ಆ ತುದಿ ಬಿರುಕು ಬಿಟ್ಟು ವಾಲತೊಡಗಿತು. ಕಮಾನುಗಳ ಕಲ್ಲುಗಳು ಜಾಗ ಬಿಟ್ಟು ಜಾರಿದ್ದವು. ಆಗ ರಫಾಯೆಲೆ ಸ್ಟರ್ನ್ ಅನ್ನುವ ಆರ್ಕಿಟೆಕ್ಟ್ ಮಾಡಿದ್ದನ್ನು ನೋಡಿ: ಆ ಕಮಾನುಗಳನ್ನು ಬಿಚ್ಚಲಿಲ್ಲ, ನೆಟ್ಟಗೆ ಮಾಡಲಿಲ್ಲ. ಹೇಗಿದೆಯೋ ಹಾಗೇ ಒಳಗೆ ಇಟ್ಟಿಗೆ ತುಂಬಿಸಿ, ಪಕ್ಕಕ್ಕೆ ಇಟ್ಟಿಗೆಯ ದೊಡ್ಡ ಆಸರೆ ಗೋಡೆ ಕಟ್ಟಿಬಿಟ್ಟ. ಇವತ್ತಿಗೂ ಕತ್ತೆತ್ತಿ ನೋಡಿದರೆ ಜಾರಿದ ಕಲ್ಲುಗಳು ಜಾರಿದ ಜಾಗದಲ್ಲೇ ಇವೆ, ಅರ್ಧ ಬಿದ್ದು ನಿಂತ ಹಾಗೆ. ಇನ್ನೇನು ಬಿತ್ತು ಅನ್ನಿಸುತ್ತದೆ, ಇನ್ನೂರು ವರ್ಷದಿಂದ ಬಿದ್ದಿಲ್ಲ. ಹೊರಗೋಡೆಯ ಇನ್ನೊಂದು ತುದಿಗೆ ಹೋದರೆ 1820ರ ದಶಕದಲ್ಲಿ ಜುಸೆಪ್ಪೆ ವಲಾದಿಯೆರ್ ಕಟ್ಟಿದ ಆಸರೆ ಇದೆ. ಅವನ ದಾರಿ ಬೇರೆ. ಇಟ್ಟಿಗೆಯಲ್ಲೇ ಕಮಾನುಗಳ ಆಕಾರ ಮುಂದುವರಿಸಿ, ಗೋಡೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವಂತೆ ಮಾಡಿದ. ಚೆನ್ನಾಗಿ ಕಾಣುವುದು ಇವನದೇ, ಒಪ್ಪುತ್ತೇನೆ. ಆದರೆ ಸ್ಟರ್ನ್ ತೇಪೆ ಎದುರು ನಿಂತಾಗ ಮನಸ್ಸಿಗೆ ಬರುವುದು ಅಂದಿನ ಗಾಬರಿ. ಕಟ್ಟಡ ಬೀಳುತ್ತಿದೆ, ಚಂದ ನೋಡುತ್ತಾ ಕೂತರೆ ಆಗಲ್ಲ, ಮೊದಲು ಹಿಡಿದು ನಿಲ್ಲಿಸಿ ಅನ್ನುವ ಗಾಬರಿ. ಗೈಡ್ ಈ ಎರಡರ ಬಗ್ಗೆಯೂ ಒಂದು ಮಾತೂ ಆಡಲಿಲ್ಲ. ಗ್ಲಾಡಿಯೇಟರ್ ಕಥೆಗೇ ಟೈಮ್ ಸಾಲಲಿಲ್ಲ, ಪಾಪ.

ಅಲ್ಲೇ ಪಕ್ಕದಲ್ಲಿ ಕಾನ್‌ಸ್ಟಂಟೈನ್‌ನ ಕಮಾನು ಇದೆ, 315ನೇ ಇಸವಿಯದು. ತೇಪೆ ಹಾಕುವುದು ಏನೋ ಮಧ್ಯಯುಗದವರ ಬಡತನದ ಕೆಲಸ ಅಂದುಕೊಂಡಿದ್ದರೆ ಇದನ್ನು ನೋಡಬೇಕು. ಚಕ್ರವರ್ತಿಯ ವಿಜಯದ ಕಮಾನು, ಅದರ ಶಿಲ್ಪಗಳಲ್ಲಿ ಎಷ್ಟೋ ಟ್ರೇಜನ್, ಹೇಡ್ರಿಯನ್, ಮಾರ್ಕಸ್ ಔರೇಲಿಯಸ್ ಕಾಲದ ಸ್ಮಾರಕಗಳಿಂದ ಕಿತ್ತು ತಂದವು. ಕೆಲವು ಕಡೆ ಹಳೆಯ ಚಕ್ರವರ್ತಿಯ ಮುಖವನ್ನೇ ಕೆತ್ತಿ ತಿದ್ದಿ ಹೊಸಬರ ಮುಖ ಮಾಡಿದ್ದಾರೆ. ಮೇಲಿನ ದುಂಡು ಫಲಕಗಳಲ್ಲಿ ಬೇಟೆಯ ಚಿತ್ರ, ಮೈ ತಿರುವು, ಬಟ್ಟೆಯ ನೆರಿಗೆ ಎಲ್ಲ ಬಹಳ ನಾಜೂಕು. ಅದರ ಕೆಳಗೆ ಕಾನ್‌ಸ್ಟಂಟೈನ್ ಕಾಲದಲ್ಲೇ ಕೆತ್ತಿದ ಪಟ್ಟಿಯಲ್ಲಿ ಎಲ್ಲರೂ ಕುಳ್ಳಗೆ, ತಲೆ ದಪ್ಪ, ಸಾಲಾಗಿ ನಿಂತಿದ್ದಾರೆ. ಒಂದು ಕೈಯಳತೆಯ ಅಂತರದಲ್ಲಿ ಇನ್ನೂರು ವರ್ಷದ ವ್ಯತ್ಯಾಸ.

ಫೋರಂ ಒಳಗೆ ಬಿಸಿಲಿಗೆ ನೆರಳೇ ಇಲ್ಲ. ಹೋಗುವವರು ಒಂದು ಬಾಟಲಿ ಕೈಯಲ್ಲಿ ಇಟ್ಟುಕೊಳ್ಳಿ. ರೋಮ್‌ನ ರಸ್ತೆಗಳಲ್ಲಿ ಸದಾ ನೀರು ಹರಿಯುವ ಗಿಡ್ಡ ಕಬ್ಬಿಣದ ನಲ್ಲಿಗಳು ಎರಡು ಸಾವಿರಕ್ಕೂ ಜಾಸ್ತಿ ಇವೆ. ನೀರು ತಣ್ಣಗೆ, ಕುಡಿಯಬಹುದು, ದುಡ್ಡಿಲ್ಲ. ದುಡ್ಡಿನ ಮಾತು ಬಂತು ಅಂತ ಕೊಲೋಸಿಯಂ, ಫೋರಂ ಟಿಕೆಟ್ ವಿಷಯವನ್ನೂ ಹೇಳುತ್ತೇನೆ: ವಿದ್ಯಾರ್ಥಿ ಕಾರ್ಡ್ ತೋರಿಸಿದರೆ ರಿಯಾಯಿತಿ ಸಿಗುತ್ತದೆ ಅಂತ ನಂಬಿಕೊಂಡು ಹೋಗಬೇಡಿ. 18ರಿಂದ 25 ವಯಸ್ಸಿನವರಿಗೆ ಅಂತ ಇರುವ 2 ಯೂರೋ ಟಿಕೆಟ್ ಯುರೋಪಿಯನ್ ಒಕ್ಕೂಟದ ದೇಶಗಳವರಿಗೆ. ಹೊರಗಿನವರು ಪೂರ್ತಿ ದರ ಕೊಡಬೇಕು. ತಿಂಗಳ ಮೊದಲ ಭಾನುವಾರ ಎಲ್ಲರಿಗೂ ಉಚಿತ, ಆದರೆ ಅವತ್ತಿನ ಕ್ಯೂ ನೋಡಿದರೆ ದುಡ್ಡು ಕೊಡುವುದೇ ವಾಸಿ ಅನ್ನಿಸುತ್ತದೆ.

ಫೋರಂನಲ್ಲಿ ಎಲ್ಲರೂ ಸೀಸರ್‌ನ ಚಿತೆ ಉರಿದ ಜಾಗಕ್ಕೆ ಹೋಗುತ್ತಾರೆ. ನಾನು ಹೆಚ್ಚು ಹೊತ್ತು ನಿಂತದ್ದು ಆಂಟೊನೈನಸ್ ಮತ್ತು ಫಾಸ್ಟೀನಾ ದೇವಾಲಯದ ಮುಂದೆ. ಹೆಂಡತಿ ಫಾಸ್ಟೀನಾ ತೀರಿಕೊಂಡ ಮೇಲೆ ಚಕ್ರವರ್ತಿ ಆಂಟೊನೈನಸ್ 141ರ ಸುಮಾರಿಗೆ ಅವಳಿಗೆ ಅಂತ ಕಟ್ಟಿಸಿದ್ದು. ಕ್ರಿ.ಶ. 161ರಲ್ಲಿ ಅವನೂ ಹೋದ. ಆಗ ಫಾಸ್ಟೀನಾ ಹೆಸರಿದ್ದ ಸಾಲಿನ ಮೇಲೆ ಇನ್ನೊಂದು ಸಾಲು ಕೆತ್ತಿ ಅವನ ಹೆಸರನ್ನೂ ಸೇರಿಸಿದರು. ಅಂದರೆ ಕಟ್ಟಿ ಇಪ್ಪತ್ತು ವರ್ಷಕ್ಕೇ ಮೊದಲ ತೇಪೆ. ಮುಂದೆ ಅದು ಚರ್ಚಾಯಿತು. ಕಂಬಗಳ ಹಿಂದೆ ಚರ್ಚಿನ ಹಸಿರು ಬಾಗಿಲು ಇದೆ. ಆದರೆ ಆ ಬಾಗಿಲು ಗಾಳಿಯಲ್ಲಿದೆ! ದೇವಾಲಯದ ಮೆಟ್ಟಿಲು ಹತ್ತಿ ನಿಂತರೂ ಬಾಗಿಲಿನ ಹೊಸ್ತಿಲು ತಲೆಗಿಂತ ಎಷ್ಟೋ ಮೇಲೆ. ಬಾಗಿಲು ಇಟ್ಟ ಕಾಲಕ್ಕೆ ನೆಲ ಅಲ್ಲಿವರೆಗೆ ತುಂಬಿತ್ತು. ಫೋರಂ ಎಲ್ಲ ಮಣ್ಣಿನಡಿ ಹೋಗಿ, ಮೇಲೆ ಹುಲ್ಲು ಬೆಳೆದು, ದನ ಮೇಯುವ ಬಯಲಾಗಿತ್ತು. ಆಮೇಲೆ ಮಣ್ಣು ತೆಗೆದರು, ನೆಲ ಕೆಳಗೆ ಹೋಯಿತು, ಬಾಗಿಲು ಅಲ್ಲೇ ಉಳಿಯಿತು. ಪುಸ್ತಕದಲ್ಲಿ ನೂರು ಸಲ ಓದಿದರೂ ತಲೆಗೆ ಹೋಗದ ವಿಷಯ ಆ ಬಾಗಿಲು ನೋಡಿದ ಕ್ಷಣ ಹೋಯಿತು. ಕಂಬಗಳ ಮೇಲ್ತುದಿಯಲ್ಲಿ ಓರೆಯಾಗಿ ಗೀರಿದ ಗಾಯಗಳಿವೆ. ಕಲ್ಲಿನ ಆಸೆಗೆ ಹಗ್ಗ ಕಟ್ಟಿ ಎಳೆದದ್ದರ ಗುರುತು ಅಂತ ಹೇಳುತ್ತಾರೆ. ಹಿಂದೆ ಚರ್ಚಿನ ಗೋಡೆ ಇತ್ತು, ಕಂಬ ನಿಂತಿತು. ಒಂಟಿಯಾಗಿ ನಿಂತಿದ್ದ ಎಷ್ಟೋ ಕಂಬಗಳಿಗೆ ಆ ಭಾಗ್ಯ ಇರಲಿಲ್ಲ.

ಇಲ್ಲಿಂದ ನನಗೆ ಒಂದು ಸೂತ್ರ ಸಿಕ್ಕಿತು. ರೋಮ್‌ನಲ್ಲಿ ಏನು ಉಳಿದಿದೆಯೋ ಅದನ್ನು ಯಾರೋ ಇನ್ನೊಂದಕ್ಕೆ ಬಳಸಿದ್ದಾರೆ. ಸೆನೆಟ್ ಸಭೆ ಕೂರುತ್ತಿದ್ದ ಕೂರಿಯಾ ಏಳನೇ ಶತಮಾನದಲ್ಲಿ ಚರ್ಚಾಯಿತು, ಉಳಿಯಿತು. ಟೈಟಸ್‌ನ ಕಮಾನನ್ನು ಫ್ರಾಂಜಿಪಾನೆ ಅನ್ನುವ ಪಾಳೆಯಗಾರ ಮನೆತನದವರು ತಮ್ಮ ಕೋಟೆಯೊಳಗೆ ಸೇರಿಸಿಕೊಂಡರು, ಉಳಿಯಿತು. ಕೊಲೋಸಿಯಂ ಕೂಡ ಒಂದು ಕಾಲದಲ್ಲಿ ಇವರದೇ ಕೋಟೆ. ಹೇಡ್ರಿಯನ್‌ನ ಸಮಾಧಿ ಪೋಪ್‌ಗಳ ಕೋಟೆಯಾಗಿ ಉಳಿಯಿತು. ಚರಿತ್ರೆಯನ್ನು ಕಾಪಾಡಬೇಕು ಅಂತ ಇವರ್ಯಾರೂ ಮಾಡಿದ್ದಲ್ಲ. ಗಟ್ಟಿ ಗೋಡೆ ಸಿಕ್ಕಿತು, ಬಳಸಿಕೊಂಡರು, ಅಷ್ಟೇ.

ಟೈಟಸ್ ಕಮಾನಿನ ಹತ್ತಿರ ಇನ್ನೊಂದು ನೋಡಬೇಕು. ಸುತ್ತಲಿನ ಕೋಟೆ ಕೆಡವಿದಾಗ ಕಮಾನು ಸಡಿಲವಾಯಿತು. ಅದೇ ವಲಾದಿಯೆರ್ 1820ರ ಆಸುಪಾಸಿನಲ್ಲಿ ಅದನ್ನು ಬಿಚ್ಚಿ ಮತ್ತೆ ಜೋಡಿಸಿದ. ಕಳೆದುಹೋದ ಭಾಗಗಳಿಗೆ ಅಮೃತಶಿಲೆ ಬಳಸಲಿಲ್ಲ, ಬೇಕೆಂದೇ ಟ್ರಾವರ್ಟೈನ್ ಬಳಸಿದ. ನಡುವಿನ ಹಳೆಯ ಕಂಬಗಳಲ್ಲಿ ಉದ್ದುದ್ದ ಗೀರುಗಳಿವೆ, ಹೊರ ಅಂಚಿನ ಹೊಸವು ಬೋಳು. ಯಾವುದು ಮೂಲ, ಯಾವುದು ನಾನು ಹಾಕಿದ್ದು ಅಂತ ಬಚ್ಚಿಡದೆ ಹೇಳಿದ ಹಾಗೆ. ಹಳೆಯದರಂತೆಯೇ ಕಾಣುವಂತೆ ರಿಪೇರಿ ಮಾಡಿ ಕೈ ತೊಳೆದುಕೊಳ್ಳುವುದಕ್ಕಿಂತ ಇದು ಎಷ್ಟೋ ಮೇಲು, ಅಲ್ವಾ? ನನ್ನ ಜೊತೆಯವರಲ್ಲಿ ಅರ್ಧ ಜನ ಒಪ್ಪಲಿಲ್ಲ. ಎರಡು ಬಣ್ಣ ಕಾಣುತ್ತೆ, ಅಸಹ್ಯ ಅಂದರು. ಒಳಗಡೆ ಗೋಡೆಯ ಮೇಲೆ ಜೆರುಸಲೇಮಿನಿಂದ ಲೂಟಿ ಮಾಡಿದ ಏಳು ಕವಲಿನ ದೀಪಸ್ತಂಭವನ್ನು ಸೈನಿಕರು ಹೊತ್ತು ತರುವ ಶಿಲ್ಪವಿದೆ. ಅದರ ಮುಂದೆ ಎಲ್ಲ ಗುಂಪುಗಳೂ ನಿಲ್ಲುತ್ತವೆ, ಆ ಬೋಳು ಕಂಬಗಳ ಮುಂದೆ ಯಾರೂ ನಿಲ್ಲುವುದಿಲ್ಲ.

ಫೋರಂ ಬಿಡುವ ಮುಂಚೆ ಒಂಟಿ ಕಂಬವೊಂದು ಕಾಣುತ್ತದೆ. ಬೈಜಾಂಟಿಯಂನ, ಅಂದರೆ ಪೂರ್ವ ರೋಮನ್ ಸಾಮ್ರಾಜ್ಯದ, ಚಕ್ರವರ್ತಿ ಫೋಕಾಸ್ ಹೆಸರಿನಲ್ಲಿ 608ರಲ್ಲಿ ನಿಲ್ಲಿಸಿದ್ದು, ಫೋರಂಗೆ ಸೇರಿದ ಕೊನೆಯ ಸ್ಮಾರಕ. ಕಂಬ ಅವನದಲ್ಲ, ಅದೂ ಹಳೆಯದೇ, ಬೇರೆ ಕಡೆಯಿಂದ ತಂದದ್ದು. ಈ ಫೋಕಾಸ್ ಒಳ್ಳೆಯ ಮನುಷ್ಯನೇನಲ್ಲ, ಹಿಂದಿನ ಚಕ್ರವರ್ತಿಯನ್ನು ಕೊಂದು ಪಟ್ಟಕ್ಕೆ ಬಂದವನು. ಆದರೆ ಪ್ಯಾಂಥಿಯನ್ ಇವತ್ತು ನಿಂತಿರುವುದರಲ್ಲಿ ಅವನ ಪಾಲೂ ಇದೆ. ಅದನ್ನು ಪೋಪ್ ನಾಲ್ಕನೇ ಬೋನಿಫೇಸ್‌ಗೆ ಕೊಟ್ಟವನು ಅವನೇ, 609ರಲ್ಲಿ ಅದು ಚರ್ಚಾಯಿತು.

ಪ್ಯಾಂಥಿಯನ್ ಬಗ್ಗೆ ಏನು ಬರೆದರೂ ಕಡಿಮೆ. ಗುಮ್ಮಟದ ಅಗಲ 43 ಮೀಟರ್ ಚಿಲ್ಲರೆ, ನೆಲದಿಂದ ನೆತ್ತಿಗೂ ಅಷ್ಟೇ. ಒಳಗೆ ಒಂದು ಕಬ್ಬಿಣದ ಸರಳೂ ಇಲ್ಲದ ಕಾಂಕ್ರೀಟ್. ಅಂಥ ಗುಮ್ಮಟಗಳಲ್ಲಿ ಪ್ರಪಂಚದಲ್ಲೇ ದೊಡ್ಡದು ಇವತ್ತಿಗೂ ಇದೇ. ಗುಟ್ಟು ಏನೆಂದರೆ ಕೆಳಗೆ ದಪ್ಪ, ಮೇಲೆ ತೆಳು. ಬುಡದಲ್ಲಿ ಆರು ಮೀಟರಿಗೂ ಜಾಸ್ತಿ ಇರುವ ದಪ್ಪ ನೆತ್ತಿಯ ಹತ್ತಿರ ಒಂದು ಮೀಟರ್ ಚಿಲ್ಲರೆಗೆ ಇಳಿಯುತ್ತದೆ. ಕಾಂಕ್ರೀಟಿಗೆ ಹಾಕಿದ ಜಲ್ಲಿಯೂ ಬದಲಾಗುತ್ತಾ ಹೋಗುತ್ತದೆ: ಕೆಳಗೆ ಭಾರದ ಕಲ್ಲು, ತುದಿಯಲ್ಲಿ ನೀರಿನ ಮೇಲೆ ತೇಲುವಷ್ಟು ಹಗುರದ ಜ್ವಾಲಾಮುಖಿ ಕಲ್ಲು. ನೆತ್ತಿಯಲ್ಲಿ ತೆರೆದ ಕಿಂಡಿ, ಅದಕ್ಕೆ ಗಾಜಿಲ್ಲ, ಮುಚ್ಚಳವಿಲ್ಲ. ಮಳೆ ಬಂದರೆ ನೇರ ಒಳಗೆ. ನೆಲ ಸ್ವಲ್ಪ ಉಬ್ಬಿದೆ, ನಡುವೆ ಸಣ್ಣ ಸಣ್ಣ ರಂಧ್ರಗಳಿವೆ, ನೀರು ಇಳಿದು ಹೋಗುತ್ತದೆ. ಎಲ್ಲರೂ ಕತ್ತೆತ್ತಿ ಮೇಲೆ ನೋಡುತ್ತಿದ್ದರೆ ನಾವು ಕೆಲವರು ನೆಲದ ತೂತು ಹುಡುಕುತ್ತಾ ಬಗ್ಗಿಕೊಂಡು ಓಡಾಡುತ್ತಿದ್ದೆವು. ನೋಡಿದವರು ಏನೋ ಕಳೆದುಕೊಂಡಿದ್ದಾರೆ ಅಂದುಕೊಂಡಿರಬೇಕು.

ಮುಂದಿನ ಮಂಟಪದ ಮೇಲೆ ದಪ್ಪ ಅಕ್ಷರದಲ್ಲಿ ಇದನ್ನು ಕಟ್ಟಿಸಿದವನು ಮಾರ್ಕಸ್ ಅಗ್ರಿಪ್ಪ ಅಂತ ಬರೆದಿದೆ. ನಿಜ ಅಲ್ಲ. ಅಗ್ರಿಪ್ಪ ಕ್ರಿಸ್ತಪೂರ್ವದಲ್ಲಿ ಕಟ್ಟಿಸಿದ್ದು ಸುಟ್ಟುಹೋಯಿತು. ಈಗಿರುವುದು ಹೇಡ್ರಿಯನ್ ಕಾಲದಲ್ಲಿ, ಕ್ರಿ.ಶ. 126ರ ಸುಮಾರಿಗೆ ಮುಗಿದದ್ದು. ಹೇಡ್ರಿಯನ್ ತನ್ನ ಹೆಸರು ಹಾಕಿಕೊಳ್ಳಲಿಲ್ಲ. ಹೊಸ ಕಟ್ಟಡಕ್ಕೆ ಹಳೇ ಹೆಸರಿನ ತೇಪೆ! ಚರ್ಚಾದ ಮೇಲೂ ಅದನ್ನು ಪೂರ್ತಿ ಸುಮ್ಮನೆ ಬಿಟ್ಟರು ಅಂತಲ್ಲ. 663ರಲ್ಲಿ ಬೈಜಾಂಟಿಯಂನ ಇನ್ನೊಬ್ಬ ಚಕ್ರವರ್ತಿ ಬಂದು ಮಾಡಿನ ಕಂಚಿನ ಹೆಂಚುಗಳನ್ನು ಬಿಚ್ಚಿಸಿಕೊಂಡು ಹೋದ. ಸಾವಿರ ವರ್ಷದ ಮೇಲೆ, 1620ರ ದಶಕದಲ್ಲಿ, ಪೋಪ್ ಎಂಟನೇ ಅರ್ಬನ್ ಮಂಟಪದ ಸೂರಿನ ಕಂಚನ್ನು ಕರಗಿಸಿ ಹೆಚ್ಚಿನದರಲ್ಲಿ ಫಿರಂಗಿ ಮಾಡಿಸಿದ. ಅವನ ಮನೆತನ ಬಾರ್ಬೆರಿನಿ. ಬಾರ್ಬೇರಿಯನ್ನರು, ಅಂದರೆ ಅನಾಗರಿಕರು, ಮಾಡದ್ದನ್ನು ಬಾರ್ಬೆರಿನಿಗಳು ಮಾಡಿದರು ಅಂತ ಊರಿನ ಜನ ಆಡಿಕೊಂಡರು. ಆ ಮಾತು ಇವತ್ತಿಗೂ ಚಾಲ್ತಿಯಲ್ಲಿದೆ. 2023ರ ಜುಲೈನಿಂದ ಒಳಗೆ ಹೋಗುವುದಕ್ಕೆ 5 ಯೂರೋ ಮಾಡಿದರು. ಹಾಗಂತ ಅದು ಮ್ಯೂಸಿಯಂ ಆಗಿಲ್ಲ, ಅಲ್ಲಿ ಇನ್ನೂ ಪೂಜೆ ನಡೆಯುತ್ತದೆ.

ಅಗ್ರಿಪ್ಪನ ಕಟ್ಟಡ ಹೋಯಿತು, ಅವನ ನೀರು ಹೋಗಲಿಲ್ಲ. ಕ್ರಿ.ಪೂ. 19ರಲ್ಲಿ ಅವನು ತಂದ ಕಾಲುವೆ, ಎಷ್ಟೋ ಸಲ ರಿಪೇರಿಯಾಗಿ, ಈಗಲೂ ಟ್ರೆವಿ ಕಾರಂಜಿಗೆ ನೀರು ಕೊಡುತ್ತದೆ. ಕಾರಂಜಿ ಮುಗಿದದ್ದು 1762ರಲ್ಲಿ. ಅಲ್ಲಿ ನಾಣ್ಯ ಎಸೆಯುವ ನೂಕುನುಗ್ಗಲಿನಲ್ಲಿ ಇದನ್ನು ಯಾರಿಗೆ ಹೇಳೋಣ? ಎರಡು ಸೆಲ್ಫಿ ತೆಗೆದುಕೊಂಡು ಹೊರಟೆವು. ಪಕ್ಕದ ಸ್ಪ್ಯಾನಿಷ್ ಮೆಟ್ಟಿಲುಗಳ ಮೇಲೆ 2019ರಿಂದ ಕೂರುವ ಹಾಗಿಲ್ಲ, ಕೂತರೆ ದಂಡ. ದಿನವಿಡೀ ನಡೆದ ಕಾಲಿಗೆ ಮೆಟ್ಟಿಲು ಕಂಡರೂ ಕೂರಬಾರದು ಅಂದರೆ ಹೇಗಿರುತ್ತೆ ಹೇಳಿ.

ಪಟ್ಟಿಯಲ್ಲಿ ಇಲ್ಲದ ಒಂದು ಜಾಗಕ್ಕೆ ಬಿಡುವಿನ ಮಧ್ಯಾಹ್ನ ಹೋಗಿದ್ದೆವು, ಕೊಲೋಸಿಯಂನಿಂದ ಸ್ವಲ್ಪವೇ ದೂರ, ಸಾನ್ ಕ್ಲೆಮೆಂತೆ ಚರ್ಚು. ಮೇಲಿರುವುದು 12ನೇ ಶತಮಾನದ್ದು, ಚಿನ್ನದ ಬಣ್ಣದ ಮೊಸಾಯಿಕ್. ಮೆಟ್ಟಿಲಿಳಿದರೆ ಅದರಡಿ 4ನೇ ಶತಮಾನದ ಇನ್ನೊಂದು ಚರ್ಚು. ಇನ್ನೂ ಇಳಿದರೆ 1ನೇ ಶತಮಾನದ ರೋಮನ್ ಕಟ್ಟಡ, ಅದರೊಳಗೆ ಮಿತ್ರ ಅನ್ನುವ ದೇವರಿಗೆ ಮಾಡಿಕೊಂಡ ಪುಟ್ಟ ಗುಹೆಯಂಥ ಕೋಣೆ. ಎರಡೂ ಕಡೆ ಕಲ್ಲಿನ ಜಗಲಿ, ನಡುವೆ ದೇವರು ಗೂಳಿಯನ್ನು ಕೊಲ್ಲುವ ಶಿಲ್ಪದ ಪೀಠ. 1857ರಲ್ಲಿ ಇಲ್ಲಿದ್ದ ಐರಿಷ್ ಪಾದ್ರಿ ಜೋಸೆಫ್ ಮಲ್ಲೂಲಿ ಅಗೆಯುವುದಕ್ಕೆ ಶುರು ಮಾಡುವವರೆಗೆ ಕೆಳಗಿನದು ಯಾರಿಗೂ ಗೊತ್ತಿರಲಿಲ್ಲ. ಇಳಿಯುತ್ತಾ ಹೋದಂತೆ ಬೇಸಿಗೆ ಮೇಲೇ ಉಳಿದುಬಿಡುತ್ತದೆ. ಗೋಡೆ ತೇವ, ಗಾಳಿ ತಣ್ಣಗೆ. ಕೊನೆಗೆ ಕಾಲಡಿ ಎಲ್ಲೋ ಜೋರಾಗಿ ನೀರು ಓಡುವ ಸದ್ದು. ಒಂದು ಗೋಡೆಯ ತೂತಿನಲ್ಲಿ ಬಗ್ಗಿ ನೋಡಿದರೆ ನಿಜಕ್ಕೂ ನೀರು ಹರಿಯುತ್ತಿದೆ, ಟ್ರೆವಿಯಲ್ಲಿ ಇದ್ದ ಜನರಲ್ಲಿ ನೂರರಲ್ಲಿ ಒಬ್ಬರೂ ಅಲ್ಲಿರಲಿಲ್ಲ. ರೋಮ್‌ಗೆ ಹೋಗುವವರು ಒಂದೇ ಒಂದು ಜಾಗ ಹೇಳು ಅಂದರೆ ಇದನ್ನೇ ಹೇಳುತ್ತೇನೆ.

ಕ್ಯಾಪಿಟಲೈನ್ ಗುಡ್ಡದ ಮೇಲೆ ಕುದುರೆ ಏರಿದ ಮಾರ್ಕಸ್ ಔರೇಲಿಯಸ್‌ನ ಕಂಚಿನ ಪ್ರತಿಮೆ ಇದೆ. ಚೌಕದಲ್ಲಿರುವುದು ನಕಲು, ಮೂಲ ಪಕ್ಕದ ಮ್ಯೂಸಿಯಂನಲ್ಲಿ. ಆ ಕಾಲದ ಅಂಥ ಪ್ರತಿಮೆಗಳು ರೋಮ್‌ನಲ್ಲಿ ಬೇಕಾದಷ್ಟಿದ್ದವು, ಎಲ್ಲ ಕರಗಿ ಹೋದವು. ಇದು ಉಳಿದದ್ದು ಮಧ್ಯಯುಗದವರು ಇವನನ್ನು ಮೊದಲ ಕ್ರೈಸ್ತ ಚಕ್ರವರ್ತಿ ಕಾನ್‌ಸ್ಟಂಟೈನ್ ಅಂದುಕೊಂಡಿದ್ದರಿಂದ. ಯಾರು ಅಂತ ಸರಿಯಾಗಿ ಗೊತ್ತಿದ್ದಿದ್ದರೆ ಇವನೂ ಪಾತ್ರೆಯೋ ಗಂಟೆಯೋ ಆಗಿರುತ್ತಿದ್ದ.

ಇದಕ್ಕೆ ತದ್ವಿರುದ್ಧದ ಕಥೆ ಕೊಲೋಸಿಯಂ ಮುಂದಿನ ಅಗಲವಾದ ರಸ್ತೆಯದು. ಮುಸೊಲಿನಿ 1932ರಲ್ಲಿ ಮಾಡಿಸಿದ್ದು. ಅದಕ್ಕಾಗಿ ಜನ ವಾಸವಿದ್ದ ಕೇರಿಗಳನ್ನು ಕೆಡವಿದರು, ಒಂದು ಗುಡ್ಡವನ್ನೇ ಕಡಿದರು. ಎಲ್ಲ ಯಾಕೆ? ಹಳೆಯ ರೋಮ್‌ನ ವೈಭವ ಚೆನ್ನಾಗಿ ಕಾಣಲಿ ಅಂತ. ಕೊಲೋಸಿಯಂ ಪಕ್ಕ ಕೊಲೋಸಿಯಂ ಕಾಲದ್ದೇ ಒಂದು ಕಾರಂಜಿಯ ಗೋಪುರದ ಉಳಿಕೆ ಇತ್ತು. ಅದನ್ನು 1936ರಲ್ಲಿ ನೆಲಸಮ ಮಾಡಿದರು. ದನ ಮೇಯಿಸಿದವರು, ಕೋಟೆ ಕಟ್ಟಿಕೊಂಡವರು ಬಿಟ್ಟಿದ್ದನ್ನು ರೋಮ್‌ನ ಅಭಿಮಾನಿ ಅಂತ ಹೇಳಿಕೊಂಡವನು ಕೆಡವಿದ. ಎಲ್ಲ ಫೋಟೊಗಳೂ ಆ ರಸ್ತೆಯಲ್ಲಿ ನಿಂತೇ ತೆಗೆದವು, ನಮ್ಮವೂ ಸೇರಿ. ನೋಟ ಚೆನ್ನಾಗಿದೆ, ಇಲ್ಲ ಅನ್ನಲ್ಲ.

ವಾಪಸ್ ಬರುವ ಹಿಂದಿನ ಸಂಜೆ ಮಾರ್ಸೆಲಸ್ ರಂಗಮಂದಿರದ ಮುಂದೆ ನಮ್ಮಲ್ಲಿ ದೊಡ್ಡ ಜಗಳವೇ ಆಯಿತು. ಕೊಲೋಸಿಯಂಗಿಂತ ಹಳೆಯದು ಅದು. ಕೆಳಗೆ ರೋಮನ್ ಕಮಾನುಗಳು, ಅದರ ಮೇಲೆ ಅರಮನೆಯಾಗಿ ಕಟ್ಟಿದ ಮನೆಗಳು, ಈಗಲೂ ಜನ ಇದ್ದಾರೆ. ಜಗಳ ಮಾತ್ರ ಕೊಲೋಸಿಯಂನ ಬಗ್ಗೆ. ಗ್ಲಾಡಿಯೇಟರ್‌ಗಳು ಕಾದಾಡುತ್ತಿದ್ದ ಅದರ ಅಖಾಡಕ್ಕೆ ಮತ್ತೆ ಮರದ ನೆಲ ಹಾಕುವ ಯೋಜನೆಯೊಂದನ್ನು ಇಟಲಿ ಸರ್ಕಾರ 2021ರಲ್ಲಿ ಆರಿಸಿತ್ತು. ಹಲಗೆಗಳು ತೆರೆದು ಮುಚ್ಚುತ್ತವೆ, ಅಡಿಯ ನೆಲಮಾಳಿಗೆಗೆ ಗಾಳಿ ಬೆಳಕು ಹೋಗುತ್ತದೆ, ಬೇಡ ಅಂದರೆ ಪೂರ್ತಿ ತೆಗೆಯಬಹುದು. ನಾವು ಹೋದಾಗ ಅದಿನ್ನೂ ಬಂದಿರಲಿಲ್ಲ. ನೆಲ ಹಾಕಲೇಬಾರದು, ಈಗ ಹೇಗಿದೆಯೋ ಹಾಗೇ ಬಿಡಬೇಕು ಅನ್ನುವುದು ಗೆಳತಿಯ ವಾದ. ಈಗ ಇರುವುದು ಅಂದರೆ ಯಾವುದು, ಸ್ಟರ್ನ್‌ದಾ, ವಲಾದಿಯೆರ್‌ದಾ, 1349ರದ್ದಾ ಅಂತ ನಾನು ಕೇಳಿದೆ. ನೆಲ ಹಾಕಿದರೆ ಮೇಲೆ ಸಂಗೀತ ಕಛೇರಿ, ಫ್ಯಾಶನ್ ಶೋ ಅಂತ ಬಾಡಿಗೆಗೆ ಕೊಡುತ್ತಾರೆ, ನೋಡ್ತಿರು ಅಂದಳು. ಅದಕ್ಕೆ ನನ್ನ ಹತ್ತಿರ ಗಟ್ಟಿ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಆದರೂ ನನ್ನ ಓಟು ಆ ನೆಲಕ್ಕೇ, ತೆಗೆಯುವುದಕ್ಕೆ ಬರುವ ಹಾಗಿದ್ದರೆ ಮಾತ್ರ.